ಉತಾರದ 9ನೇ ಕಾಲಂನಲ್ಲಿ ಮಗಳ ಹೆಸರು: ಹೊಲದ ಪಾಲಿನ ಹಿನ್ನೆಲೆ

ಬ್ಯಾಡಗಿ ಸೀಮೆಯಲ್ಲಿ ಮೆಣಸಿನಕಾಯಿ ಬಿಡಿಸುವವರು ಹೆಣ್ಣುಮಕ್ಕಳು. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹತ್ತಿ ಹೂವಿಗೆ ಒಂದೊಂದಾಗಿ ಕೈಯಿಂದ ಪರಾಗ ಮುಟ್ಟಿಸುವವರೂ ಅವರೇ. ರೋಣ, ನರಗುಂದದ ಎರಿ ಹೊಲದಲ್ಲಿ ಕಳೆ ತೆಗೆಯುವುದೂ ಅವರ ಪಾಲಿನದೇ. ಆದರೆ ಅದೇ ಹೊಲದ ಉತಾರ (ಪಹಣಿ) ತೆಗೆಸಿದರೆ, ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಸಾಮಾನ್ಯವಾಗಿ ಕಾಣುವುದು ಗಂಡಸರ ಹೆಸರು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಮಹಿಳೆಯರವು ಶೇ 14ರಷ್ಟು. ವಿಸ್ತೀರ್ಣದ ಲೆಕ್ಕದಲ್ಲಿ ಅದು ಶೇ 12ನ್ನೂ ಮುಟ್ಟುವುದಿಲ್ಲ.

ಈ ಕಾಲಂ ಬರೀ ಗೌರವದ ಮಾತಲ್ಲ. ಬೆಳೆಸಾಲ, ಬೆಳೆವಿಮೆ, ಬೆಂಬಲ ಬೆಲೆಯಲ್ಲಿ ಹೆಸರು-ಕಡಲೆ ಮಾರಲು ಬೇಕಾದ ಫ್ರೂಟ್ಸ್ (ರಾಜ್ಯದ ರೈತರ ಮಾಹಿತಿ ತಂತ್ರಾಂಶ) ನೋಂದಣಿ, ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಎಲ್ಲವೂ ಅದರಲ್ಲಿರುವ ಹೆಸರಿಗೆ ಅಂಟಿಕೊಂಡಿವೆ. ಗಂಡ ತೀರಿಕೊಂಡ ಮೇಲೂ ಉತಾರ ಮಾವನ ಹೆಸರಿನಲ್ಲೇ ಉಳಿದಿದ್ದರೆ, ಹೊಲ ಮಾಡುವ ಸೊಸೆ ಸರ್ಕಾರದ ದಾಖಲೆಯಲ್ಲಿ ರೈತಳೇ ಅಲ್ಲ.

ಇದರ ಬೇರು ಹಳೆಯದು. ಮಿತಾಕ್ಷರ ಎಂಬ ಹಳೆಯ ಹಿಂದೂ ಧರ್ಮಶಾಸ್ತ್ರ ಗ್ರಂಥದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು, ಮಗಳಿಗೆ ಇಲ್ಲ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳಿಗೆ ಕಾಯ್ದೆ ಮಾಡಿತು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಇಂದಿನ ಗದಗ, ಹಾವೇರಿಯ ಬಹುಭಾಗ ಅದರೊಳಗೇ ಇತ್ತು. ಹಾಗಾಗಿ ಆ ಕಾಯ್ದೆಯ ನೆರಳು ಇತ್ತ ಬೀಳಲಿಲ್ಲ. 1937ರ ಕೇಂದ್ರ ಕಾಯ್ದೆ ವಿಧವೆಗೆ ಗಂಡನ ಪಾಲನ್ನು ಬದುಕಿರುವವರೆಗೆ ಅನುಭವಿಸಲು ಕೊಟ್ಟಿತು. ಆದರೆ ಕೃಷಿ ಭೂಮಿಯ ವಾರಸಾ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ್ದೆಂದು ಫೆಡರಲ್ ಕೋರ್ಟ್ 1941ರಲ್ಲಿ ಹೇಳಿದ್ದರಿಂದ ಆ ಕಾಯ್ದೆ ಹೊಲಕ್ಕೆ ತಾನಾಗಿ ಅನ್ವಯಿಸಲಿಲ್ಲ, ಅದಕ್ಕೆ ಪ್ರಾಂತ್ಯಗಳೇ ಕಾಯ್ದೆ ಮಾಡಬೇಕಿತ್ತು.

1956ರ ಜೂನ್ 17ರಂದು ಹಿಂದೂ ಉತ್ತರಾಧಿಕಾರ ಕಾಯ್ದೆ ಜಾರಿಗೆ ಬಂತು. ವೀರಶೈವ, ಲಿಂಗಾಯತರಿಗೂ ಇದು ಅನ್ವಯವೆಂದು ಅದರ 2ನೇ ಕಲಂ ಹೆಸರಿಸಿಯೇ ಹೇಳುತ್ತದೆ. ಅಪ್ಪ ತಾನೇ ದುಡಿದು ಗಳಿಸಿದ ಆಸ್ತಿಯಲ್ಲಿ, ಅವನು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಹೆಂಡತಿ, ತಾಯಿ, ಮಗ, ಮಗಳು ಎಲ್ಲರಿಗೂ ಸಮಪಾಲು ಬಂತು. ತೊಡಕು ಉಳಿದದ್ದು ಪಿತ್ರಾರ್ಜಿತದಲ್ಲಿ. 12 ಎಕರೆ ಹೊಲ, ಅಪ್ಪ, ಒಬ್ಬ ಮಗ, ಒಬ್ಬಳು ಮಗಳು, ತಾಯಿ ಮೊದಲೇ ತೀರಿದ್ದಾಳೆ ಎಂದಿಟ್ಟುಕೊಳ್ಳಿ. ಹಳೆಯ ಲೆಕ್ಕದಲ್ಲಿ ಮೊದಲು ಅಪ್ಪನಿಗೆ 6, ಮಗನಿಗೆ 6. ಅಪ್ಪ ಸತ್ತ ಮೇಲೆ ಅವನ 6 ಎಕರೆಯಲ್ಲಿ ಇಬ್ಬರಿಗೂ ಮೂರು ಮೂರು. ಕೊನೆಗೆ ಮಗನಿಗೆ 9, ಮಗಳಿಗೆ 3. ಇಂದಿನ ಕಾನೂನಿನಲ್ಲಿ ಮೂವರಿಗೂ ನಾಲ್ಕು ನಾಲ್ಕು, ಅಪ್ಪನ ನಾಲ್ಕರಲ್ಲಿ ಎರಡೆರಡು. ಕೊನೆಗೆ ತಲಾ 6 ಎಕರೆ.

ಒಂಬತ್ತು-ಮೂರರಿಂದ ಆರು-ಆರಕ್ಕೆ ಬರಲು ಅರ್ಧ ಶತಮಾನವೇ ಹಿಡಿಯಿತು. ನಡುವೆ 1974ರ ಭೂ ಸುಧಾರಣೆ ಗೇಣಿದಾರರಿಗೆ ಹೊಲ ಕೊಟ್ಟಿತು, ಆದರೆ ಗೇಣಿ ಹೊಲದ ಹಕ್ಕು ಕೇಳುವ 7ನೇ ನಮೂನೆಯ ಅರ್ಜಿಗಳು ಹೆಚ್ಚಾಗಿ ಮನೆಯ ಯಜಮಾನನ ಹೆಸರಿನಲ್ಲೇ ಹೋದವು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಮಗಳಿಗೂ ಹುಟ್ಟಿನಿಂದ ಹಕ್ಕು ಎಂದಿತು. ಅದಕ್ಕೂ ಮೊದಲು ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ಇಂದು ಅರವತ್ತು ದಾಟಿದ ಅಕ್ಕಂದಿರಿಗೆ ‘ನಿನಗ ಪಾಲಿಲ್ಲ’ ಎಂದು ಊರಲ್ಲಿ ಹೇಳುವ ಮಾತಿಗೆ ಮೂಲ ಈ ಷರತ್ತು. ಅದು ಈಗ ನಡೆಯುವುದಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದವಿಲ್ಲ. ಆ ದಿನ ಅಪ್ಪ ಬದುಕಿರಬೇಕೇ ಎಂಬ ಪ್ರಶ್ನೆ ಮಾತ್ರ ಉಳಿಯಿತು. ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ, 2015ರ ಫುಲಾವತಿ ಮತ್ತು 2018ರ ದಾನಮ್ಮ ಪ್ರಕರಣಗಳಲ್ಲಿ, ಸುಪ್ರೀಂ ಕೋರ್ಟ್ ಒಂದಕ್ಕೊಂದು ಹೊಂದದ ತೀರ್ಪು ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಗೆಹರಿಸಿತು: ಆ ದಿನ ಅಪ್ಪ ಬದುಕಿರದಿದ್ದರೂ ಮಗಳ ಹಕ್ಕು ಹುಟ್ಟಿನದು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟ್ನಿ (ಆಸ್ತಿ ಹಂಚಿಕೆ), ಮಾರಾಟ ಇಲ್ಲವೇ ಕೋರ್ಟ್ ಡಿಕ್ರಿ ಇದ್ದರೆ ಅದನ್ನು ಕೆದಕಲಾಗದು. ಬಾಯಿಮಾತಿನ ವಾಟ್ನಿಗೆ ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಇಲ್ಲದಿದ್ದರೆ ಬೆಲೆ ಇಲ್ಲ. ಮುಸ್ಲಿಂ ಕುಟುಂಬಗಳ ಲೆಕ್ಕ ಬೇರೆ, ಅಲ್ಲಿ ಮಗನಿಗೆ ಬರುವುದರ ಅರ್ಧ ಮಗಳಿಗೆ.

ಹೀಗೆ ಕಾನೂನು ನೇರವಾಯಿತು. ಈಗ ಹಕ್ಕು ಸೋರಿಹೋಗುವುದು ಕಾಗದದಲ್ಲಿ, ಅದರಲ್ಲೂ ವಾರಸಾ ಆಗುವ ಹೊತ್ತಿನಲ್ಲಿ.

ಅಪ್ಪ ತೀರಿದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉತಾರ, ಆಧಾರ್ ಜೋಡಿಸಿ ಪೌತಿ ಖಾತೆಗೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಹಾಕಬೇಕು. ಇವುಗಳಲ್ಲಿ ವಂಶವೃಕ್ಷವೇ ಎಲ್ಲದಕ್ಕೂ ತಾಯಿಬೇರು. ಕೊಟ್ಟ ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಮಕ್ಕಳ ಹೆಸರನ್ನಷ್ಟೇ ಬರೆಸಿದರೆ, ಮುಂದಿನ ಪ್ರತಿ ದಾಖಲೆಯೂ ಅದನ್ನೇ ಹಿಂಬಾಲಿಸುತ್ತದೆ. ಅರ್ಜಿಯ ಮೇಲೆ ತಕರಾರು ಕರೆಯುವ ನೋಟಿಸು ಹೊರಡುವುದು ತವರೂರಿನ ಚಾವಡಿಯಲ್ಲಿ. ಲಕ್ಷ್ಮೇಶ್ವರದಿಂದ ಕಲಘಟಗಿಗೆ ಕೊಟ್ಟ ಮಗಳಿಗೆ ಅದು ತಿಳಿಯುವುದು ಹೇಗೆ? ಅವಧಿ ಮುಗಿದರೆ ಮ್ಯುಟೇಶನ್ (ಖಾತೆ ಬದಲಾವಣೆ) ಮಂಜೂರಾಗುತ್ತದೆ. ಆದ್ದರಿಂದ ಅಪ್ಪ ತೀರಿದ ಕೂಡಲೇ ಮಗಳು ತಾನೇ ನಾಡಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಉತಾರ ಹಾಗೂ ಮ್ಯುಟೇಶನ್ ಸ್ಥಿತಿಯನ್ನು ಮನೆಯಿಂದಲೇ ನೋಡಬಹುದು. ಮೊದಲೇ ಮಂಜೂರಾಗಿದ್ದರೆ ಭೂ ಕಂದಾಯ ಕಾಯ್ದೆಯ 136(2)ನೇ ಕಲಂನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಹಾವೇರಿ ಜಿಲ್ಲೆಯಲ್ಲಿ ಆ ಕಚೇರಿ ಹಾವೇರಿ ಮತ್ತು ಸವಣೂರು ಎರಡೂ ಕಡೆ ಇದೆ. ಆದರೆ ಉತಾರದಿಂದ ಹೆಸರು ಬಿಟ್ಟುಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಕಂದಾಯ ದಾಖಲೆ ಮಾಲೀಕತ್ವ ಹುಟ್ಟಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟ್.

ಎರಡನೆಯ ಸೋರಿಕೆ ಹಕ್ಕು ಬಿಡುಗಡೆ ಪತ್ರ. ಇಲ್ಲಿ ಅಣ್ಣತಮ್ಮಂದಿರ ಅಡಚಣೆಯೂ ನಿಜವೇ: ಜಂಟಿ ಖಾತೆಯಾದರೆ ಬೆಳೆಸಾಲಕ್ಕೆ ಪ್ರತಿ ಸಲ ಅಕ್ಕತಂಗಿಯರ ಸಹಿ ಬೇಕು. ಆದರೆ ಒಪ್ಪಿಗೆ ಪತ್ರ ಸಾಕಾಗುವ ಕಡೆ ಬಿಡುಗಡೆ ಪತ್ರ ಬರೆಸಿಕೊಳ್ಳುವುದು ಮೋಸ. ‘ಸಾಲಕ್ಕ ಸಹಿ ಅಷ್ಟ’ ಎಂದು ಉಪನೋಂದಣಿ ಕಚೇರಿಗೆ ಕರೆದರೆ ಅಲ್ಲೇ ಅನುಮಾನಪಡಬೇಕು, ಬೆಳೆಸಾಲದ ಸಹಿ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಆಗುತ್ತದೆ. ನೂರು ರೂಪಾಯಿಗಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಬಿಡಲು ನೋಂದಣಿ ಕಡ್ಡಾಯ, ಹಾಗಾಗಿ ಬರೀ ಛಾಪಾ ಕಾಗದದ ಮೇಲೆ ಬರೆದದ್ದರಿಂದ ಪಾಲು ಹೋಗುವುದಿಲ್ಲ. ಅಪ್ಪ ಬದುಕಿರುವಾಗ ಅವನ ಸ್ವಯಾರ್ಜಿತದಲ್ಲಿ ‘ಮುಂದೆ ಬರಬಹುದಾದ ಪಾಲು’ ಬಿಟ್ಟುಕೊಟ್ಟ ಪತ್ರವೂ ನಿಲ್ಲುವುದಿಲ್ಲ, ಆಗಿನ್ನೂ ಅವಳಿಗೆ ಬಿಡಲು ಹಕ್ಕೇ ಹುಟ್ಟಿರುವುದಿಲ್ಲ. ಮೋಸದಿಂದ ನೋಂದಣಿಯಾಗಿದ್ದರೆ ಗೊತ್ತಾದ ಮೂರು ವರ್ಷದೊಳಗೆ ರದ್ದತಿಗೆ ದಾವೆ ಹಾಕಬೇಕು.

ತಿಳಿದೂ ಸಹಿ ಹಾಕುವವರು ಬಹಳ. ಪಂಚಮಿಗೆ ಕರೆಯಲು ಬರುವ ತಮ್ಮ ಮುಂದಿನ ವರ್ಷ ಬಾರದೆ ಹೋದರೆ ಎಂಬ ಭಯ ಅವರದು. ಆ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಗಂಡನ ಮನೆಯಲ್ಲಿ ತೊಂದರೆಯಾದಾಗ ತವರೊಂದೇ ಅವಳ ಆಸರೆ. ಆದರೆ ಪಾಲು ಬಿಟ್ಟುಕೊಟ್ಟವಳಿಗೆ ಆ ಆಸರೆ ತಮ್ಮನ ಮರ್ಜಿ, ಪಾಲು ಉಳಿಸಿಕೊಂಡವಳಿಗೆ ಹಕ್ಕು. ‘ಹೊಲ ಬೇರೆ ಮನೆಗೆ ಹೋಗುತ್ತದೆ’ ಎಂಬ ವಾದಕ್ಕೂ ಕಾಯ್ದೆಯಲ್ಲಿ ಒಂದು ಉತ್ತರವಿದೆ: ತಂದೆತಾಯಿಯಿಂದ ಬಂದ ಆಸ್ತಿ, ಅವಳು ಮೃತ್ಯುಪತ್ರ ಬರೆಯದೆ, ಮಕ್ಕಳಿಲ್ಲದೆ ತೀರಿಕೊಂಡರೆ ಗಂಡನ ಕಡೆ ಹೋಗದೆ ಅವಳ ತಂದೆಯ ವಾರಸುದಾರರಿಗೇ ಮರಳುತ್ತದೆ.

ಮಾತುಕತೆ ಮುರಿದರೆ ಪಾಲಿನ ದಾವೆ. ಮಹಿಳೆಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ದಾವೆಗೆ ಮುನ್ನ ಋಣಭಾರ ಪತ್ರ ತೆಗೆಸಿ ಯಾವ ತುಂಡು ಯಾವಾಗ ಮಾರಾಟವಾಗಿದೆ ನೋಡಬೇಕು. ಒಂದು ಸರ್ವೆ ನಂಬರ್ ಬಿಟ್ಟರೂ ಎದುರಾಳಿ ಅದನ್ನೇ ಹಿಡಿಯುತ್ತಾನೆ. ದಾವೆಯ ಜೊತೆಗೇ ಮಾರಾಟಕ್ಕೆ ತಡೆಯಾಜ್ಞೆ ಕೇಳಬೇಕು. ಅನೇಕರು ಗೆದ್ದೂ ಸೋಲುವುದು ಕೊನೆಯ ಮೆಟ್ಟಿಲಲ್ಲಿ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಅದು ಯಾರಿಗೆ ಎಷ್ಟು ಎಂದಷ್ಟೇ ಹೇಳುತ್ತದೆ. ಯಾವ ಕಡೆಯ ಎಷ್ಟು ಗುಂಟೆ ಎಂದು ಅಳೆದು, ಹದ್ದು ಗುರುತಿಸಿ, ಕಬ್ಜಾ ಕೊಡಿಸುವುದು, ಕಂದಾಯ ಕಟ್ಟುವ ಹೊಲಕ್ಕಾದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂನಡಿ ಜಿಲ್ಲಾಧಿಕಾರಿ ಇಲ್ಲವೇ ಅವರು ನೇಮಿಸಿದ ಕಂದಾಯ ಅಧಿಕಾರಿಯ ಕೆಲಸ, ಡಿಕ್ರಿಯನ್ನು ಕೋರ್ಟ್ ಅವರಿಗೆ ಕಳಿಸುವಂತೆ ನೋಡಿಕೊಳ್ಳಬೇಕು. ಡಿಕ್ರಿ ಅಲ್ಲಿಗೆ ಮುಟ್ಟುವವರೆಗೆ ಸರ್ವೆಯವರು ಹೊಲಕ್ಕೆ ಬರುವುದಿಲ್ಲ, ಬೆಳೆ ತಮ್ಮನ ಕಣಕ್ಕೇ ಹೋಗುತ್ತಿರುತ್ತದೆ.