ಗಿರಣಿಯಲ್ಲಿ ತ್ರೀ-ಫೇಸ್ ಇದೆ, ಎಲೆಕ್ಟ್ರಿಕ್ ಲಾರಿಗೆ ಅಷ್ಟು ಸಾಲದೇ?

ಪ್ರಶ್ನೆ: ನಮ್ಮದು ಅಕ್ಕಿ ಗಿರಣಿ. 100 ಎಚ್‌ಪಿ ತ್ರೀ-ಫೇಸ್ ಸಂಪರ್ಕವಿದೆ, ರಾತ್ರಿ ಹೊತ್ತು ಅದರ ಮೇಲೆ ಲೋಡ್ ಇರುವುದಿಲ್ಲ. ಎಲೆಕ್ಟ್ರಿಕ್ ಲಾರಿ ತಂದರೆ ಅದೇ ಲೈನಿಗೆ ಪ್ಲಗ್ ಹಾಕಬಹುದಲ್ಲವೇ? ಕಾರಿನ ಚಾರ್ಜರ್ ಕಾರಿನೊಳಗೇ ಇರುತ್ತದೆ, ಲಾರಿಗೆ ಮಾತ್ರ ಲಕ್ಷಾಂತರ ರೂಪಾಯಿಯ ಡಿಸಿ ಚಾರ್ಜರ್ ಬೇಕೇ ಬೇಕು ಅನ್ನುತ್ತಾರೆ. ಅಷ್ಟು ದೊಡ್ಡ ಗಾಡಿಯಲ್ಲಿ ಒಂದು ದೊಡ್ಡ ಚಾರ್ಜರ್ ಕೂರಿಸಲು ಜಾಗವಿಲ್ಲವೇ?

ಉತ್ತರ: ಜಾಗ ಇದೆ. ನಿಮ್ಮ ಲೈನೂ ಸಾಕು. ಲೈನಿನಲ್ಲಿ ಬರುವುದು ಎಸಿ, ಬ್ಯಾಟರಿಗೆ ಬೇಕಾದದ್ದು ಡಿಸಿ. ತೊಂದರೆ ಇರುವುದು ಎಸಿಯನ್ನು ಡಿಸಿ ಮಾಡುವ ಪೆಟ್ಟಿಗೆಯನ್ನು, ಅಂದರೆ ಚಾರ್ಜರನ್ನು, ಯಾರು ಹೊರಬೇಕು ಅನ್ನುವುದರಲ್ಲಿ: ಗಾಡಿಯೋ, ನೆಲವೋ.

ಮೊದಲು ಲೆಕ್ಕ ನೋಡೋಣ. ಟಾಟಾ 2022ರಲ್ಲಿ ತಂದ ಸಣ್ಣ ಸರಕು ಗಾಡಿ ಏಸ್ ಇವಿಯ ಬ್ಯಾಟರಿ 21.3 ಯೂನಿಟ್‌ನದು. 3.3 ಕಿಲೋವ್ಯಾಟ್‌ನ ಸಣ್ಣ ಚಾರ್ಜರ್‌ನಲ್ಲಿ ಹಾಕಿದರೂ ಸುಮಾರು ಏಳು ಗಂಟೆಯಲ್ಲಿ ತುಂಬುತ್ತದೆ. ಊಟ ಮಾಡಿ ಮಲಗಿ ಎದ್ದರೆ ಗಾಡಿ ಸಿದ್ಧ. ಆದರೆ 55 ಟನ್ನಿನ ಮೊಂಟ್ರಾ ರೈನೊ ಟ್ರಾಕ್ಟರ್-ಟ್ರೇಲರ್‌ನ ಬ್ಯಾಟರಿ 282 ಯೂನಿಟ್. ಕಾರುಗಳಲ್ಲಿ ಸಿಗುವ ಅತಿ ದೊಡ್ಡ ಆನ್‌ಬೋರ್ಡ್ (ಗಾಡಿಯೊಳಗಿನ) ಚಾರ್ಜರ್ ಸಾಮಾನ್ಯವಾಗಿ 22 ಕಿಲೋವ್ಯಾಟ್‌ನದು. ಅಷ್ಟು ದೊಡ್ಡದನ್ನೇ ಇದರೊಳಗೆ ಇಟ್ಟರೂ ನಷ್ಟವೆಲ್ಲ ಸೇರಿ ಹದಿಮೂರು ಗಂಟೆ ದಾಟುತ್ತದೆ. ಜರ್ಮನಿಯಲ್ಲಿ ತಯಾರಾಗುವ ಮರ್ಸಿಡಿಸ್ ಇಆಕ್ಟ್ರೋಸ್ 600ರ ಬ್ಯಾಟರಿ 621 ಯೂನಿಟ್. ಅದಕ್ಕೆ 22 ಕಿಲೋವ್ಯಾಟ್ ಅಂದರೆ ಒಂದು ಹಗಲು, ಒಂದು ರಾತ್ರಿ, ಮೇಲೆ ಇನ್ನೂ ನಾಲ್ಕು ಗಂಟೆ.

ಹಾಗಾದರೆ 22ರ ಬದಲು 240 ಕಿಲೋವ್ಯಾಟ್‌ನದನ್ನೇ ಇಟ್ಟುಬಿಡಬಾರದೇ? ಇದಕ್ಕೆ ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ಎಸಿಯನ್ನು ಡಿಸಿ ಮಾಡಲು ನಾಲ್ಕು ಡಯೋಡ್ ಸಾಕು ಅಂತ ಶಾಲೆಯಲ್ಲಿ ಕಲಿಸಿದ್ದಾರೆ, ತ್ರೀ-ಫೇಸ್‌ಗೆ ಆರು. ಆದರೆ ಬರೀ ಡಯೋಡ್ ಹಾಕಿದರೆ ಅದು ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ವೋಲ್ಟೇಜ್ ತುದಿ ಮುಟ್ಟಿದಾಗ ಮಾತ್ರ ಗಬಕ್ಕನೆ ಎಳೆಯುತ್ತದೆ. ಲೈನ್ ತುಂಬ ಹಾರ್ಮೋನಿಕ್ಸ್, ಅಂದರೆ ಕರೆಂಟಿನ ಅಲೆಯನ್ನು ಕೆಡಿಸುವ ಕಿರು ಅಲೆಗಳು; ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, ಅಂದರೆ ಪವರ್ ಫ್ಯಾಕ್ಟರ್, ಕೆಳಗೆ. ಪವರ್ ಫ್ಯಾಕ್ಟರ್ ದಂಡ ಕಟ್ಟಿ, ಆಮೇಲೆ ಕೆಪಾಸಿಟರ್ ಪ್ಯಾನೆಲ್ ಹಾಕಿಸಿಕೊಂಡ ಗಿರಣಿಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಕ್ಸ್‌ನಿಂದ ಕೆಟ್ಟ ಪವರ್ ಫ್ಯಾಕ್ಟರ್‌ಗೆ ಆ ಪ್ಯಾನೆಲ್ ಕೂಡ ಮದ್ದಲ್ಲ. ಅದಕ್ಕಾಗಿ ಚಾರ್ಜರ್‌ನ ಮೊದಲ ಹಂತದಲ್ಲಿ ಡಯೋಡ್ ಜಾಗದಲ್ಲಿ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುವ ಟ್ರಾನ್ಸಿಸ್ಟರ್‌ಗಳಿರುತ್ತವೆ. ಅವು ಕರೆಂಟನ್ನು ವೋಲ್ಟೇಜಿನ ಅಲೆಯ ಆಕಾರದಲ್ಲೇ ಎಳೆಯುತ್ತವೆ, ಜೊತೆಗೆ 700–800 ವೋಲ್ಟ್ ಡಿಸಿಗೆ ಏರಿಸಿ ಮುಂದಕ್ಕೆ ಕೊಡುತ್ತವೆ.

ಎರಡನೇ ಹಂತ ಇನ್ನೂ ಮುಖ್ಯ. ಆ ಡಿಸಿಯನ್ನು ಮತ್ತೆ ಕತ್ತರಿಸಿ, ಸುಮಾರು ನೂರು ಕಿಲೋಹರ್ಟ್ಸ್‌ನ ಎಸಿ ಮಾಡಿ, ಒಂದು ಟ್ರಾನ್ಸ್‌ಫಾರ್ಮರ್ ದಾಟಿಸಿ, ಆಚೆ ಬದಿಯಲ್ಲಿ ಪುನಃ ಡಿಸಿ ಮಾಡುತ್ತಾರೆ. ಕೇಳಿದರೆ ಸುಮ್ಮನೆ ಸುತ್ತಿ ಬಳಸಿ ಹೋದಂತೆ ಕಾಣುತ್ತದೆ. ಆದರೆ ಈ ಟ್ರಾನ್ಸ್‌ಫಾರ್ಮರ್ ಇರುವುದರಿಂದಲೇ ಬ್ಯಾಟರಿಗೂ ಊರಿನ ಲೈನಿಗೂ ನೇರ ತಂತಿ ಸಂಬಂಧ ಇರುವುದಿಲ್ಲ; ಮಳೆಯಲ್ಲಿ ನಿಂತು ಲಾರಿಯ ಬಾಡಿ ಮುಟ್ಟಿದವರಿಗೆ ಇರುವ ರಕ್ಷಣೆಗಳಲ್ಲಿ ಇದೂ ಒಂದು. ಲೈನಿನ 50 ಹರ್ಟ್ಸ್‌ನಲ್ಲೇ ಈ ಕೆಲಸ ಮಾಡಿಸಿದ್ದರೆ 22 ಕಿಲೋವ್ಯಾಟ್‌ಗೆ ನೂರು ಕಿಲೋ ಮೀರಿದ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತಿತ್ತು. ಆವರ್ತನ ಏರಿಸಿದ್ದಕ್ಕೆ ಅದು ಅಂಗೈಯಲ್ಲಿ ಹಿಡಿಯುವಷ್ಟಾಗಿದೆ. ಸಿಲಿಕಾನ್ ಕಾರ್ಬೈಡ್ ಟ್ರಾನ್ಸಿಸ್ಟರ್‌ಗಳ ಬಗ್ಗೆ ಇಷ್ಟೊಂದು ಸದ್ದು ಇರುವುದಕ್ಕೆ ಇದೂ ಕಾರಣ: 1200 ವೋಲ್ಟ್ ತಡೆದುಕೊಂಡು, ಇಷ್ಟು ವೇಗದಲ್ಲಿ ಆನ್-ಆಫ್ ಆದರೂ ಅವು ಹೆಚ್ಚು ಬಿಸಿಯಾಗುವುದಿಲ್ಲ.

ಹೆಚ್ಚು ಆಗುವುದಿಲ್ಲ ಅಷ್ಟೇ, ಬಿಸಿಯಂತೂ ಆಗುತ್ತದೆ. 22 ಕಿಲೋವ್ಯಾಟ್‌ನಲ್ಲಿ ಶೇ 5ರಷ್ಟು ಪೋಲಾದರೆ 1.1 ಕಿಲೋವ್ಯಾಟ್ ಶಾಖ. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಡಬ್ಬಿಯೊಳಗಿಟ್ಟು ರಾತ್ರಿಯಿಡೀ ಉರಿಸಿದ ಹಾಗೆ. ಅದಕ್ಕೇ ನೀರು-ಕೂಲಂಟ್ ಹರಿಸಿ ತಂಪು ಮಾಡುತ್ತಾರೆ. 240 ಕಿಲೋವ್ಯಾಟ್‌ಗೆ ಹೋದರೆ ಈ ಶಾಖ 12 ಕಿಲೋವ್ಯಾಟ್. ಅದನ್ನು ಹೊರಹಾಕುವ ರೇಡಿಯೇಟರ್, ಫ್ಯಾನು, ಪಂಪು, ಎಲ್ಲವೂ ಲಾರಿಯ ಮೇಲೆಯೇ ಬೇಕು. ಅಷ್ಟೂ ತೂಕ ಸರಕಿನ ತೂಕದಿಂದ ಕಳೆಯುತ್ತದೆ. ಗುಂಡಿ ಬಿದ್ದ ರಸ್ತೆಯ ಕುಲುಕಾಟ, ದೂಳು, ನೀರು ಎಲ್ಲವನ್ನೂ ತಡೆಯುವಂತೆ ಅದನ್ನು ಕಟ್ಟಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದು ಕೆಲಸ ಮಾಡುವುದು ದಿನಕ್ಕೆ ಒಂದೆರಡು ಗಂಟೆ, ಗಾಡಿ ನಿಂತಾಗ ಮಾತ್ರ. ನೆಲದ ಮೇಲಿಟ್ಟರೆ ಅದೇ ಯಂತ್ರ ದಿನಕ್ಕೆ ಹತ್ತು ಲಾರಿಗೆ ಕರೆಂಟು ಕೊಡುತ್ತದೆ. ಲಾರಿಗಳಿಗೆ ಡಿಸಿ ಚಾರ್ಜಿಂಗ್ ಬಂದದ್ದರ ಹಿಂದಿನ ತರ್ಕ ಇದೇ.

ಪ್ಲಗ್ಗಿಗೂ ಮಿತಿ ಇದೆ. ನಮ್ಮಲ್ಲಿಯೂ ಯುರೋಪಿನಲ್ಲಿಯೂ ಬಳಸುವ ಟೈಪ್-2 ಎಸಿ ಪ್ಲಗ್ ಹೊರುವುದು ತ್ರೀ-ಫೇಸ್‌ನಲ್ಲಿ 63 ಆಂಪ್ಸ್, ಅಂದರೆ ಸುಮಾರು 43 ಕಿಲೋವ್ಯಾಟ್. ವೋಲ್ವೊ ತನ್ನ ಎಫ್‌ಎಚ್ ಎಲೆಕ್ಟ್ರಿಕ್ ಲಾರಿಗೆ ಈ 43 ಕಿಲೋವ್ಯಾಟ್ ಎಸಿಯನ್ನೂ ಕೊಟ್ಟಿದೆ, ಜೊತೆಗೆ 250 ಕಿಲೋವ್ಯಾಟ್ ಡಿಸಿಯನ್ನೂ.

ಇಲ್ಲಿ ಒಂದು ಜಾಣ ಪ್ರಶ್ನೆ ಉಳಿಯುತ್ತದೆ. ಮೋಟರ್ ಓಡಿಸಲು ಲಾರಿಯಲ್ಲಿ ಮುನ್ನೂರು ಕಿಲೋವ್ಯಾಟ್ ಆಸುಪಾಸಿನ ಇನ್ವರ್ಟರ್ ಈಗಾಗಲೇ ಇದೆ. ಡಿಸಿಯನ್ನು ಎಸಿ ಮಾಡುವುದು ಅದರ ಕೆಲಸ. ಗಾಡಿ ನಿಂತಾಗ ಅದನ್ನೇ ಉಲ್ಟಾ ಓಡಿಸಿ ಚಾರ್ಜರ್ ಮಾಡಿಕೊಳ್ಳಬಾರದೇ? ಮಾಡಿದ್ದಾರೆ. ಚೀನಾದ ಬಿವೈಡಿ ಇದೇ ದಾರಿ ಹಿಡಿದಿತ್ತು. ಲಂಡನ್ನಿನಲ್ಲಿ ಓಡುವ ಅದರ ಬಸ್‌ಗಳು 40 ಕಿಲೋವ್ಯಾಟ್‌ನ ಎರಡು ಎಸಿ ಗನ್ನುಗಳಿಂದ (ಚಾರ್ಜಿಂಗ್ ಪ್ಲಗ್ಗುಗಳಿಂದ) ಚಾರ್ಜ್ ಆಗುತ್ತವೆ. ಹೀಗಾಗಿ ಡಿಪೋದಲ್ಲಿ ಇರಬೇಕಾದದ್ದು ಸ್ವಿಚ್ಚು, ರಕ್ಷಣೆ, ಕೇಬಲ್ ಇಷ್ಟೇ. ರೆನೋ ಕೂಡ ತನ್ನ ಮೊದಮೊದಲ ಜೋಯಿ ಕಾರಿನಲ್ಲಿ ಮೋಟರಿನ ಸುರುಳಿಗಳನ್ನೇ ಬಳಸಿಕೊಂಡು 43 ಕಿಲೋವ್ಯಾಟ್ ಪಡೆದಿತ್ತು. ಆದರೆ ಈ ಉಪಾಯದಲ್ಲಿ ನಡುವಿನ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಇರುವುದಿಲ್ಲ. ಬ್ಯಾಟರಿಗೂ ಲೈನಿಗೂ ಪ್ರತ್ಯೇಕತೆ ಹೋಯಿತು, ಸೋರುವ ಕರೆಂಟು ಹೆಚ್ಚಿತು. ಜೋಯಿ ಅರ್ಥಿಂಗ್ ವಿಷಯದಲ್ಲಿ ಬಲು ನಾಜೂಕು ಅನ್ನಿಸಿಕೊಂಡಿತು. ನಮ್ಮ ಊರುಗಳ ಅರ್ಥಿಂಗ್ ಗುಂಡಿಗೆ ಕೊನೆಯ ಸಲ ನೀರು ಹಾಕಿದ್ದು ಯಾವಾಗ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಈ ಉಪಾಯ ಇಲ್ಲಿನ ಲಾರಿಗಳಿಗೆ ಬೇಗ ಬರಲಿ ಅಂತ ನಾನಂತೂ ಹಾರೈಸುವುದಿಲ್ಲ.

ಈಗ ನಿಮ್ಮ ಗಿರಣಿಗೆ ಬರೋಣ. 100 ಎಚ್‌ಪಿ ಅಂದರೆ 75 ಕಿಲೋವ್ಯಾಟ್. 240 ಕಿಲೋವ್ಯಾಟ್‌ನ ಡಿಸಿ ಚಾರ್ಜರ್ ಬೇಕಾದರೆ ಈ ಸಂಪರ್ಕ ನಡೆಯದು. ಎಚ್‌ಟಿ (ಹೈ ಟೆನ್ಷನ್) ಲೈನು, ಸ್ವಂತ ಟ್ರಾನ್ಸ್‌ಫಾರ್ಮರ್ ಅಂತ ಖರ್ಚು ಬೆಳೆಯುತ್ತದೆ. ಆದರೆ ನಿಮಗೆ ಅಷ್ಟು ಬೇಕಿಲ್ಲ. ದೊಡ್ಡ ಡಿಸಿ ಚಾರ್ಜರ್ ಒಂದೇ ಯಂತ್ರವಲ್ಲ, ಅದರೊಳಗೆ 30 ಕಿಲೋವ್ಯಾಟ್ ಆಸುಪಾಸಿನ ಮಾಡ್ಯೂಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಅಂಥ ಒಂದೇ ಮಾಡ್ಯೂಲಿನ, ಗೋಡೆಗೆ ಹಾಕುವ ಡಿಸಿ ಚಾರ್ಜರ್ ಕೂಡ ಸಿಗುತ್ತದೆ. ಅದು ಎಳೆಯುವುದು ಸುಮಾರು 42 ಎಚ್‌ಪಿ ಮೋಟರಿನಷ್ಟು. 282 ಯೂನಿಟ್‌ನ ಬ್ಯಾಟರಿಗೆ ಹತ್ತು ಗಂಟೆ ಬೇಕು, ಪೂರ್ತಿ ಖಾಲಿಯಾಗಿ ಬಂದರೆ ಮಾತ್ರ. ಸಂಜೆ ಏಳಕ್ಕೆ ಬಂದು ಬೆಳಿಗ್ಗೆ ಐದಕ್ಕೆ ಹೊರಡುವ ಲಾರಿಗೆ ಇದು ಸಾಕು. ಎರಡು ಪಾಳಿಯಲ್ಲಿ ಓಡುವ ಲಾರಿಗೆ ಸಾಲದು.

ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಗೆ ಇನ್ನೊಂದಿಷ್ಟು ಸಮಯ ಸೇರಿಸಿಕೊಳ್ಳಿ. ಬ್ಯಾಟರಿ ಬಿಸಿಯಾಗಿದ್ದರೆ ಅದನ್ನು ತಂಪು ಮಾಡುವ ಚಿಲ್ಲರ್ ಓಡುತ್ತದೆ, 24 ವೋಲ್ಟ್ ಕೊಡುವ ಡಿಸಿ-ಡಿಸಿ ಕನ್ವರ್ಟರ್, ಪಂಪುಗಳು ಕೂಡ ಓಡುತ್ತವೆ. ಅವೆಲ್ಲ ಉಣ್ಣುವುದು ಚಾರ್ಜರ್ ಕೊಟ್ಟದ್ದರಲ್ಲೇ.

ನಿಮ್ಮದು ಸಣ್ಣ ಅಥವಾ ಮಧ್ಯಮ ಗಾಡಿಯಾಗಿದ್ದು ಒಳಗೇ ಚಾರ್ಜರ್ ಇದ್ದರೆ ಎಸಿಯೇ ಸಾಕು. ಆದರೂ ಮೋಟರಿನ ಸಾಕೆಟ್ಟಿಗೆ ನೇರ ಚುಚ್ಚುವಂತಿಲ್ಲ. ಟೈಪ್-2 ಪ್ಲಗ್ಗಿನಲ್ಲಿ ‘ಕಂಟ್ರೋಲ್ ಪೈಲಟ್’ ಅನ್ನುವ ತೆಳು ತಂತಿಯೊಂದಿದೆ. ಗೋಡೆಯ ಪೆಟ್ಟಿಗೆ ಅದರ ಮೂಲಕ 1 ಕಿಲೋಹರ್ಟ್ಸ್‌ನ ಸಂಕೇತ ಕಳಿಸಿ ಎಷ್ಟು ಆಂಪ್ಸ್ ಎಳೆಯಬಹುದು ಅಂತ ಗಾಡಿಗೆ ಹೇಳುತ್ತದೆ. ಸಂಕೇತ ಆನ್ ಇರುವ ಪಾಲು ಶೇ 53 ಇದ್ದರೆ 32 ಆಂಪ್ಸ್, ಶೇ 27 ಇದ್ದರೆ 16. ಸಂಕೇತ ಬಾರದಿದ್ದರೆ ಗಾಡಿ ಚಾರ್ಜ್ ಶುರು ಮಾಡುವುದೇ ಇಲ್ಲ. ಇದರಿಂದ ನಿಮಗೊಂದು ಅನುಕೂಲವೂ ಇದೆ: ಗಿರಣಿ ಓಡುವಾಗ ಪೆಟ್ಟಿಗೆಯನ್ನು 16ಕ್ಕೆ ಇಳಿಸಿ, ನಿಲ್ಲಿಸಿದ ಮೇಲೆ 32ಕ್ಕೆ ಏರಿಸಬಹುದು. ಒಳಗಿನ ಚಾರ್ಜರ್ ಎಷ್ಟು ಕಿಲೋವ್ಯಾಟ್‌ನದು, ಸಿಂಗಲ್ ಫೇಸೋ ತ್ರೀ-ಫೇಸೋ ಅನ್ನುವುದನ್ನು ಡೀಲರ್ ಬಳಿ ಬರಹದಲ್ಲೇ ಕೇಳಿ. ಸಿಂಗಲ್ ಫೇಸ್‌ನದಾದರೆ ನಿಮ್ಮ ಮೂರು ಫೇಸ್‌ನಲ್ಲಿ ಒಂದರ ಮೇಲೇ ಇಡೀ ಲೋಡ್ ಬೀಳುತ್ತದೆ.

ಸ್ವಂತ ವಾಹನವನ್ನು ಮನೆ, ಕಚೇರಿಯ ಈಗಿರುವ ಸಂಪರ್ಕದಲ್ಲೇ ಚಾರ್ಜ್ ಮಾಡಿಕೊಳ್ಳಲು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಅವಕಾಶ ಕೊಟ್ಟಿತ್ತು. ಆದರೆ ಕರ್ನಾಟಕದಲ್ಲಿ ವಾಹನ ಚಾರ್ಜಿಂಗ್‌ಗೆ ಬೇರೆಯೇ ದರ ಇದೆ. ಗಿರಣಿ ಮೀಟರಿನಲ್ಲಿ ಹಾಕುವುದು ಲಾಭವೋ, ಬೇರೆ ಮೀಟರ್ ಲಾಭವೋ ಅನ್ನುವುದನ್ನು ನಿಮ್ಮ ಬೆಸ್ಕಾಂ, ಜೆಸ್ಕಾಂ ಕಚೇರಿಯಲ್ಲಿ ಲೋಡ್ ಲೆಕ್ಕದ ಸಮೇತ ವಿಚಾರಿಸಿ, ಆಮೇಲೆ ಲಾರಿ ಬುಕ್ ಮಾಡಿ.