ಸೀಲು ಬಿದ್ದ ಸ್ಟಾಂಪ್ ಕೆಟ್ಟಿತೇ?

ಪ್ರಶ್ನೆ: ನನಗೆ ಬರುವ ಟಪಾಲಿನಲ್ಲಿ ಆಗಾಗ ಬೇರೆ ಬೇರೆ ಊರುಗಳ ಚೆಂದದ ಸ್ಟಾಂಪ್‌ಗಳು, ಚಿತ್ರ ಬಿಡಿಸಿದ ಕವರುಗಳು ಸಿಗುತ್ತವೆ. ಆದರೆ ಸ್ಟಾಂಪ್ ಮೇಲೆ ಸೀಲು ಹೊಡೆದು ಹಾಳು ಮಾಡಿರುತ್ತಾರೆ. ಸೀಲು ಅಳಿಸಿ, ಸ್ಟಾಂಪ್ ಬಿಡಿಸಿ ಆಲ್ಬಮ್‌ಗೆ ಅಂಟಿಸುವುದು ಹೇಗೆ?

ಉತ್ತರ: ಅಳಿಸಬೇಡಿ. ಬಿಡಿಸುವ ಆತುರವೂ ಬೇಡ. ಅಂಟಿಸುವುದಂತೂ ಬೇಡವೇ ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ‘ಸೀಲು ಬಿದ್ದರೆ ಸ್ಟಾಂಪ್ ಕೆಟ್ಟಿತು’ ಎಂಬ ನಂಬಿಕೆ ಮಾತ್ರ ಜಗ್ಗುವುದಿಲ್ಲ. ಈ ಸಲ ಅದನ್ನು ಬೇರುಸಮೇತ ಕೀಳೋಣ.

1856ರಲ್ಲಿ ದಕ್ಷಿಣ ಅಮೆರಿಕದ ವಸಾಹತು ಬ್ರಿಟಿಷ್ ಗಯಾನಾಕ್ಕೆ ಲಂಡನ್ನಿನಿಂದ ಬರಬೇಕಿದ್ದ ಸ್ಟಾಂಪ್‌ಗಳು ಸಮಯಕ್ಕೆ ಬರಲಿಲ್ಲ. ಅಲ್ಲಿನ ಪತ್ರಿಕೆಯೊಂದರ ಮುದ್ರಣಾಲಯದಲ್ಲೇ ತುರ್ತಾಗಿ ಅಚ್ಚು ಹಾಕಿಸಿದರು. ಯಾರಾದರೂ ನಕಲು ಮಾಡಿಯಾರೆಂದು ಗುಮಾಸ್ತರು ಒಂದೊಂದರ ಮೇಲೂ ಪೆನ್ನಿನಿಂದ ಸಹಿ ಹಾಕುತ್ತಿದ್ದರು. ಹಾಗೆ ಬಂದ ಒಂದು ಸೆಂಟ್‌ನ ಕೆನ್ನೀಲಿಗೆಂಪು ಸ್ಟಾಂಪ್ 1873ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮನೆಯ ಹಳೆಯ ಕಾಗದಗಳ ನಡುವೆ ಸಿಕ್ಕಿತು. ನಾಲ್ಕೂ ಮೂಲೆ ಕತ್ತರಿಸಿಹೋಗಿತ್ತು. ಮೇಲೆ ಗುಮಾಸ್ತನ ಸಹಿ, ಅದರ ಮೇಲೆ ಕಪ್ಪು ಸೀಲು. 2014ರಲ್ಲಿ ಅದು ಹರಾಜಾದದ್ದು ಸುಮಾರು 95 ಲಕ್ಷ ಡಾಲರಿಗೆ. ಯಾರೂ ಅದರ ಸೀಲು ತೊಳೆಯಲು ಹೋಗಲಿಲ್ಲ. ಆ ಚೂರು ಕಾಗದ ನಿಜವಾಗಿ ಟಪಾಲಿನಲ್ಲಿ ಓಡಾಡಿತ್ತು ಎನ್ನುವುದಕ್ಕೆ ಆ ಸೀಲೇ ಸಾಕ್ಷಿ.

ಸೀಲು ಅಳಿಸುವ ಚಟ ಸ್ಟಾಂಪ್‌ನಷ್ಟೇ ಹಳೆಯದು, ಅದು ಶುರುವಾದದ್ದು ಮೋಸಕ್ಕೆ. 1840ರಲ್ಲಿ ಬ್ರಿಟನ್ ಹೊರತಂದ ಮೊದಲ ಅಂಚೆಚೀಟಿ ‘ಪೆನ್ನಿ ಬ್ಲ್ಯಾಕ್’ ಕಪ್ಪು ಬಣ್ಣದ್ದು, ಅದರ ಮೇಲೆ ಹೊಡೆಯುತ್ತಿದ್ದ ಮುದ್ರೆ ಕೆಂಪು. ಜನ ಆ ಕೆಂಪು ಶಾಯಿ ಅಳಿಸಿ ಅದೇ ಸ್ಟಾಂಪನ್ನು ಮತ್ತೆ ಅಂಟಿಸತೊಡಗಿದರು. ಮರುವರ್ಷವೇ ಇಲಾಖೆ ಸ್ಟಾಂಪನ್ನು ಕೆಂಪು ಮಾಡಿ, ಮುದ್ರೆಯನ್ನು ಕಪ್ಪು ಮಾಡಿತು. ಅಂದಹಾಗೆ, ‘ಹಳೆಯದಾದರೆ ಕೋಟಿ ಬೆಲೆ’ ಎನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಪೆನ್ನಿ ಬ್ಲ್ಯಾಕ್ ಅಚ್ಚಾದದ್ದು 6.8 ಕೋಟಿಗೂ ಹೆಚ್ಚು. ಮೊದಲನೆಯದು ಹೌದು, ಅತಿ ಅಪರೂಪದ್ದೇನಲ್ಲ.

ಈಗ ಕವರಿನ ವಿಚಾರ. ನನ್ನ ಮೇಜಿನ ಮೇಲೆ ಸ್ನೇಹಿತರೊಬ್ಬರು ಕಳಿಸಿದ ಲಕೋಟೆಯಿದೆ. ಎಡಗಡೆ ನೀಲಿ ಶಾಯಿಯಲ್ಲಿ ಒಂದು ಮಿಂಚುಳ್ಳಿ ಬರೆದಿದ್ದಾರೆ. ಅದರ ಕೊಕ್ಕು ಚಾಚಿರುವುದು ಬಲಮೂಲೆಯ ಸ್ಟಾಂಪಿನಲ್ಲಿರುವ ಮೀನಿನ ಕಡೆಗೆ. ದುಂಡು ಸೀಲು ಅರ್ಧ ಸ್ಟಾಂಪ್ ಮೇಲೆ, ಅರ್ಧ ಕಾಗದದ ಮೇಲೆ ಕೂತಿದೆ. ಊರಿನ ಹೆಸರು ಒಂದು ಅರ್ಧದಲ್ಲಿ, ತಾರೀಖು ಇನ್ನೊಂದರಲ್ಲಿ. ಕತ್ತರಿ ಆಡಿಸಿದರೆ ಹಕ್ಕಿಗೆ ಮೀನು ತಪ್ಪುತ್ತದೆ, ಊರಿಗೆ ತಾರೀಖು ತಪ್ಪುತ್ತದೆ. ಇಂಥದ್ದನ್ನು ಇಡಿಯಾಗಿಯೇ ಇಡಿ. 1847ರ ಮಾರಿಷಸ್‌ನ ಒಂದು ಪೆನ್ನಿ ಮತ್ತು ಎರಡು ಪೆನ್ನಿ ಸ್ಟಾಂಪ್‌ಗಳೆರಡೂ ಒಟ್ಟಿಗೆ ಇರುವ, ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಾರಸದ ವ್ಯಾಪಾರಿಗೆ ಹೋದ ಪತ್ರವನ್ನು ಸಂಗ್ರಾಹಕರು ತಲೆಯ ಮೇಲೆ ಹೊತ್ತು ಮೆರೆಸುವುದು ಆ ಜೋಡಿ ಇನ್ನೂ ಕಾಗದದ ಮೇಲೇ ಇರುವುದಕ್ಕೆ.

ಕವರು ಹರಿದಿದ್ದರೆ, ಸೀಲು ಬರೀ ಮಸಿಯ ಕಲೆಯಾಗಿದ್ದರೆ ಬಿಡಿಸಬಹುದು. ಸುತ್ತ ಒಂದು ಬೆರಳಗಲ ಕಾಗದ ಬಿಟ್ಟು ಕತ್ತರಿಸಿ, ತಣ್ಣೀರಲ್ಲಿ ತೇಲಿಬಿಡಿ. ಗೋಂದು ಕರಗಿದಾಗ ತಾನಾಗಿ ಜಾರುತ್ತದೆ. ಎಳೆದರೆ ಅಂಚಿನ ಹಲ್ಲು ಮುರಿಯುತ್ತದೆ. ಬಣ್ಣದ ಕವರಿನ ತುಂಡನ್ನು ಬೇರೆ ಬಟ್ಟಲಲ್ಲೇ ನೆನೆಸಿ. ಚಿಕ್ಕವಳಿದ್ದಾಗ ಒಂದು ಕೆಂಪು ಕವರಿನ ಚೂರನ್ನು ಉಳಿದವುಗಳ ಜೊತೆ ಹಾಕಿ, ಒಂದಿಡೀ ಬಟ್ಟಲು ಸ್ಟಾಂಪ್‌ಗಳು ಗುಲಾಬಿಯಾಗಿ ಎದ್ದದ್ದು ನನಗೆ ಇವತ್ತಿಗೂ ನೋವು. ಈಚಿನ ಸ್ಟಿಕ್ಕರ್ ಮಾದರಿಯ ಎಷ್ಟೋ ಸ್ಟಾಂಪ್‌ಗಳು ನೀರಿಗೆ ಬಿಡುವುದೇ ಇಲ್ಲ. ಅವನ್ನು ಕಾಗದದೊಂದಿಗೇ ಇಡಿ. ಲ್ಯಾಮಿನೇಷನ್, ಸೆಲೋಟೇಪ್ ಎರಡೂ ಬೇಡ.

ಯಾರೂ ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ: ಚಿತ್ರದ ಕವರಿಗೂ ಸ್ಟಾಂಪ್‌ನಷ್ಟೇ ವಯಸ್ಸು. ಪೆನ್ನಿ ಬ್ಲ್ಯಾಕ್ ಜೊತೆಯಲ್ಲೇ ಬ್ರಿಟಿಷ್ ಅಂಚೆ ಇಲಾಖೆ ವಿಲಿಯಂ ಮಲ್‌ರೆಡಿ ಎಂಬ ಕಲಾವಿದರಿಂದ ಒಂದು ಲಕೋಟೆ ಬರೆಸಿತ್ತು. ನಡುವೆ ಬ್ರಿಟಾನಿಯಾ ದೇವಿ, ಕಾಲಬಳಿ ಸಿಂಹ, ನಾಲ್ಕು ದಿಕ್ಕಿಗೆ ಹಾರುವ ದೂತರು, ಆನೆ, ಒಂಟೆ. ಅಂಚೆ ಸುಧಾರಣೆಯ ರೂವಾರಿ ರೋಲೆಂಡ್ ಹಿಲ್ ಇದರ ಮೇಲೆ ಬಹಳ ಭರವಸೆ ಇಟ್ಟಿದ್ದರು. ಜನ ಬಿದ್ದು ಬಿದ್ದು ನಕ್ಕರು. ಒಂದು ವಾರ ತುಂಬುವುದರೊಳಗೆ, ಇದನ್ನು ಬದಲಿಸದೆ ವಿಧಿಯಿಲ್ಲವೇನೋ ಎಂದು ಹಿಲ್ ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಕವರನ್ನು ಹಿಂತೆಗೆದುಕೊಂಡು, ಉಳಿದ ರಾಶಿಯನ್ನು ನಾಶ ಮಾಡಿದರು. ಅಷ್ಟರಲ್ಲಿ ಬೇರೆ ಪ್ರಕಾಶಕರು ಅದೇ ಚಿತ್ರವನ್ನು ಅಣಕಿಸಿ ತಮ್ಮದೇ ಲಕೋಟೆಗಳನ್ನು ಅಚ್ಚು ಹಾಕಿ ಮಾರತೊಡಗಿದ್ದರು. ಜನ ಅವನ್ನು ಕೊಂಡು, ಸ್ಟಾಂಪ್ ಹಚ್ಚಿ, ಅದೇ ಇಲಾಖೆಯ ಪೆಟ್ಟಿಗೆಗೆ ಹಾಕಿದರು. ಇಲಾಖೆ ಅವುಗಳ ಮೇಲೂ ಸೀಲು ಹೊಡೆದು ಊರೂರಿಗೆ ತಲುಪಿಸಿತು.