ಅಗ್ಗದ ಲ್ಯಾಪ್‌ಟಾಪ್ ಯಾಕೆ ಕಾಯುತ್ತದೆ, ಯಾಕೆ ಕಾಯಿಸುತ್ತದೆ

ಲ್ಯಾಪ್‌ಟಾಪ್ ಕೊಳ್ಳಲು ಹೊರಟ ನೆಂಟರಿಷ್ಟರು ನನ್ನನ್ನು ಮೊದಲು ಕೇಳುವುದು ಲೆಕ್ಕ ಮಾಡುವ ಮುಖ್ಯ ಚಿಪ್ ಆದ ಪ್ರೊಸೆಸರ್ ಬಗ್ಗೆ. ‘ಐ3 ಸಾಕಾ, ಐ5 ಬೇಕಾ?’ ‘ರ‍್ಯಾಮ್ ಎಷ್ಟಿದೆ, ಮುಂದೆ ಹೆಚ್ಚಿಸಬಹುದಾ ನೋಡಿದಿರಾ?’ ಅಂತ ನಾನು ತಿರುಗಿ ಕೇಳಿದರೆ ಮುಖ ಸಪ್ಪಗಾಗುತ್ತದೆ. ಕುದುರೆ ಹೇಗಿದೆ ಅಂತ ಕೇಳಿದವರಿಗೆ ದಾರಿ ಹೇಗಿದೆ ಅಂತ ಹೇಳಿದ ಹಾಗೆ.

ಒಂದು ಸಣ್ಣ ಲೆಕ್ಕ ಹಾಕಿ. ಕೈ ಪಳಗಿದವರು ಸೆಕೆಂಡಿಗೆ ಐದು ಕೀಲಿ ಒತ್ತಬಹುದು. ಪ್ರೊಸೆಸರ್ ಬರೀ 2 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತಿದ್ದರೂ ಅದರ ಗಡಿಯಾರ ಸೆಕೆಂಡಿಗೆ 200 ಕೋಟಿ ಸಲ ಮಿಡಿಯುತ್ತದೆ. ಒಂದು ಬೆರಳು ಎದ್ದು ಇನ್ನೊಂದು ಬೀಳುವುದರೊಳಗೆ 40 ಕೋಟಿ ಮಿಡಿತ ಮುಗಿದಿರುತ್ತದೆ. ಪತ್ರ ಬರೆಯುವುದು, ಜಾಲತಾಣ ನೋಡುವುದು, ಲೆಕ್ಕದ ಹಾಳೆ ತುಂಬುವುದು ಇಂಥ ದಿನಬಳಕೆಯ ಕೆಲಸದಲ್ಲಿ ಕೆಳದರ್ಜೆಯ ಪ್ರೊಸೆಸರ್ ಕೂಡ ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತದೆ. ಹಾಗಿದ್ದರೆ ‘ಇದು ತುಂಬಾ ಸ್ಲೋ’ ಎಂಬ ಗೊಣಗಾಟ ಎಲ್ಲಿಂದ ಬರುತ್ತದೆ?

ನಮ್ಮ ‘ಕಾಯು’ ಎಂಬ ಮಾತಿನಲ್ಲೇ ಉತ್ತರ ಇದೆ. ಕಾಯು ಅಂದರೆ ಎದುರು ನೋಡು. ಬಿಸಿಯಾಗು ಅಂತಲೂ ಹೌದು. ಅಗ್ಗದ ಲ್ಯಾಪ್‌ಟಾಪ್ ಎರಡನ್ನೂ ಧಾರಾಳವಾಗಿ ಮಾಡುತ್ತದೆ.

ಮೊದಲು ಎದುರು ನೋಡುವುದು. ಪ್ರೊಸೆಸರ್‌ಗೆ ಕೆಲಸ ಮಾಡಲು ಮಾಹಿತಿ ಬೇಕು. ಅದು ಕೆಲಸದ ಹೊತ್ತಿನ ಮೆಮೊರಿಯಾದ ರ‍್ಯಾಮ್‌ನಲ್ಲಿದ್ದರೆ ಸುಮಾರು 100 ನ್ಯಾನೋಸೆಕೆಂಡಿನಲ್ಲಿ (ಒಂದು ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ 100 ಕೋಟಿಯಲ್ಲಿ ಒಂದು ಪಾಲು) ಕೈಗೆ ಸಿಗುತ್ತದೆ. ಇಷ್ಟು ಚಿಕ್ಕ ಕಾಲ ನಮ್ಮ ಅಳವಿಗೆ ಸಿಗದು. ಅದನ್ನು ಹಿಗ್ಗಿಸಿ ಒಂದು ಸೆಕೆಂಡ್ ಅಂದುಕೊಳ್ಳೋಣ. ಅದೇ ಅಳತೆಯಲ್ಲಿ, ಕಡತಗಳನ್ನು ಚಿಪ್‌ಗಳಲ್ಲಿ ಉಳಿಸಿಡುವ ಎಸ್‌ಎಸ್‌ಡಿಯಲ್ಲಿ ಮಾಹಿತಿ ಇದ್ದರೆ ಹದಿನಾರು ಹದಿನೇಳು ನಿಮಿಷ ಬೇಕು. ಹಳೆಯ ಬಗೆಯ ಹಾರ್ಡ್ ಡಿಸ್ಕ್‌ನಲ್ಲಿದ್ದರೆ? ಅದರ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಓದುವ ತಲೆ ಸರಿಯಾದ ಜಾಗಕ್ಕೆ ಸರಿದು, ಬೇಕಾದ ತುಣುಕು ಅದರಡಿ ಬರುವ ತನಕ ಸುಮಾರು 15 ಮಿಲಿಸೆಕೆಂಡ್ ಹಿಡಿಯುತ್ತದೆ. ನಮ್ಮ ಹಿಗ್ಗಿಸಿದ ಗಡಿಯಾರದಲ್ಲಿ ಅದು ಹೆಚ್ಚುಕಡಿಮೆ 42 ಗಂಟೆ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಇಂಥ ಚಿಲ್ಲರೆ ಓದುಗಳು ಸಾವಿರಗಟ್ಟಲೆ ನಡೆಯಬೇಕು. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಬಾಗಿಲಲ್ಲಿ ನಿಂತು ದಾರಿ ನೋಡಬೇಕಷ್ಟೆ.

ಈ ಲೆಕ್ಕ ಗೊತ್ತಾದರೆ 4 ಜಿಬಿ ರ‍್ಯಾಮ್ ಯಾಕೆ ಸಾಲದು ಎನ್ನುವುದೂ ಗೊತ್ತಾಗುತ್ತದೆ. ಅದರಲ್ಲಿ ಒಂದು ದೊಡ್ಡ ಪಾಲು ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್‌ಗೇ ಹೋಗುತ್ತದೆ. ಈ ದರ್ಜೆಯ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದರಿಂದಲೇ ಮೊಗೆದುಕೊಳ್ಳುತ್ತದೆ. ಉಳಿದದ್ದನ್ನು ಬ್ರೌಸರ್‌ನ ನಾಲ್ಕಾರು ಟ್ಯಾಬ್‌ಗಳು ತುಂಬಿಬಿಡುತ್ತವೆ. ತುಂಬಿದ ಮೇಲೆ ಕಂಪ್ಯೂಟರ್ ನಿಲ್ಲುವುದಿಲ್ಲ. ಸದ್ಯಕ್ಕೆ ಬೇಡದ್ದನ್ನು ಡಿಸ್ಕ್‌ಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಅಂದರೆ ಎಸ್‌ಎಸ್‌ಡಿ ಇದ್ದರೂ ಒಂದು ಸೆಕೆಂಡಿನ ಕೆಲಸ ಹದಿನೇಳು ನಿಮಿಷದ ಕೆಲಸವಾಗುತ್ತದೆ. ಟ್ಯಾಬ್ ಬದಲಿಸಿದಾಗ ಪರದೆ ಬೆಳ್ಳಗಾಗಿ ಮಂಕು ಬಡಿದಂತೆ ನಿಲ್ಲುವುದು ಇದಕ್ಕೇ. ನನ್ನ ಮಟ್ಟಿಗೆ 8 ಜಿಬಿ ಕನಿಷ್ಠ. ಬಜೆಟ್ಟಿನಲ್ಲಿ ಇನ್ನೊಂದೇ ಹೆಜ್ಜೆಗೆ ಜಾಗವಿದ್ದರೆ ಪ್ರೊಸೆಸರ್ ಬಿಟ್ಟು 16 ಜಿಬಿಯತ್ತ ಇಡಿ.

ಒಂದು ಎಚ್ಚರಿಕೆ. ಹಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ. ಖಾಲಿ ಸ್ಲಾಟ್ ಇರುವ ಮಾದರಿ ಸಿಕ್ಕರೆ, ಒಂದೆರಡು ಸಾಲಿನ ಮಿನುಗುವ ಜಾಹೀರಾತಿಗಿಂತ ಅದಕ್ಕೆ ಬೆಲೆ ಹೆಚ್ಚು. ಒಂದರ ಬದಲು ಎರಡು ರ‍್ಯಾಮ್ ಪಟ್ಟಿ ಕೂರಿಸಿದರೆ ಮಾಹಿತಿ ಓಡಾಡುವ ದಾರಿಯೂ ಎರಡು ಪಟ್ಟು ಅಗಲವಾಗುತ್ತದೆ. ರ‍್ಯಾಮ್ ಹಂಚಿಕೊಳ್ಳುವ ಗ್ರಾಫಿಕ್ಸ್‌ಗೆ ಇದರ ಲಾಭ ತಟ್ಟನೆ ಕಾಣುತ್ತದೆ.

ಸಂಗ್ರಹದಲ್ಲೂ ಒಂದು ಮರೆಮಾಚು ಇದೆ. ತೀರಾ ಅಗ್ಗದವುಗಳಲ್ಲಿ ‘64 ಜಿಬಿ ಇಎಂಎಂಸಿ’ ಎಂದು ಬರೆದಿರುತ್ತದೆ. ಇದೂ ಎಸ್‌ಎಸ್‌ಡಿಯಂತೆ ಫ್ಲ್ಯಾಶ್ ಮೆಮೊರಿಯೇ, ಆದರೆ ಅಗ್ಗದ ಫೋನ್‌ಗಳಿಗೆ ಹಾಕುವ ಜಾತಿ. ಒಂದೇ ಹೊತ್ತಿಗೆ ಓದುವುದು ಬರೆಯುವುದು ಎರಡೂ ಅದಕ್ಕೆ ಆಗದು. ಬೆಸುಗೆ ಹಾಕಿರುವುದರಿಂದ ಬದಲಿಸಲೂ ಆಗದು. ವಿಂಡೋಸ್ 11ಕ್ಕೆ ಹೇಳಿರುವ ಕನಿಷ್ಠ ಜಾಗವೇ 64 ಜಿಬಿ. ಹಾಗಿರುವಾಗ ನಿಮ್ಮ ಫೋಟೊಗಳಿಗೆ ಎಲ್ಲಿ ಜಾಗ? ಅಂದ ಹಾಗೆ, 256 ಜಿಬಿಯ ಎಸ್‌ಎಸ್‌ಡಿ ಹಾಕಿದ ಲ್ಯಾಪ್‌ಟಾಪ್ 238 ಎಂದು ತೋರಿಸಿದರೆ ಮೋಸ ಹೋದೆವೆಂದು ಗಾಬರಿ ಬೇಡ. ತಯಾರಕರು ಒಂದು ಜಿಬಿಗೆ 100 ಕೋಟಿ ಬೈಟ್ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 107 ಕೋಟಿ ಚಿಲ್ಲರೆ ಹಿಡಿಯುತ್ತದೆ. ವಸ್ತು ಒಂದೇ, ಅಳೆಯುವ ಕೋಲು ಬೇರೆ.

ಇನ್ನು ಬಿಸಿಯಾಗುವ ವಿಷಯ; ಪ್ರೊಸೆಸರ್ ನಿಜಕ್ಕೂ ಲೆಕ್ಕಕ್ಕೆ ಬರುವುದು ಇಲ್ಲಿ. ಚಿಪ್ ನುಂಗುವ ವಿದ್ಯುತ್ತು ಅದರ ಗಡಿಯಾರದ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ತಕ್ಕಂತೆಯೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಎರಡನ್ನೂ ಶೇ 20ರಷ್ಟು ಏರಿಸಿದರೆ ವಿದ್ಯುತ್ತು ಶೇ 73ರಷ್ಟು ಹೆಚ್ಚು ಬೇಕು, ಅದೆಲ್ಲ ಶಾಖವಾಗಿಯೇ ಹೊರಬರಬೇಕು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ‘ಗರಿಷ್ಠ ವೇಗ’ ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಓಟದ್ದು. ಚಿಪ್ 95–100 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೇ ಒಂದೇ ಹೆಸರಿನ ಚಿಪ್ ದಪ್ಪ ಮೈಯ, ಒಳ್ಳೆಯ ಫ್ಯಾನ್ ಇರುವ ಲ್ಯಾಪ್‌ಟಾಪಿನಲ್ಲಿ ಕುದುರೆ, ತೆಳು ಮೈಯದರಲ್ಲಿ ಕತ್ತೆ.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಚಿಪ್ ತಯಾರಕ ಎಎಂಡಿಯ ‘ರೈಜನ್ 5 7520ಯು’ ನೋಡಿ. 7 ಎಂದು ಶುರುವಾದ್ದರಿಂದ ಹೊಸತೆನಿಸುತ್ತದೆ. ಆ ಸರಣಿಯಲ್ಲಿ ಒಳಗಿನ ವಿನ್ಯಾಸ ಯಾವುದು ಎಂದು ಹೇಳುವುದು ಮೂರನೆಯ ಅಂಕಿ. ಇಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ. ದಿನಬಳಕೆಗೆ ಅದೇನೂ ಕೆಟ್ಟದ್ದಲ್ಲ. ಹೊಸದರ ಬೆಲೆ ಕೊಟ್ಟು ಕೊಳ್ಳಬಾರದು, ಅಷ್ಟೆ.

ಪರದೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1366×768ರ ಪರದೆಯಲ್ಲಿ ಸುಮಾರು 10.5 ಲಕ್ಷ ಚುಕ್ಕಿಗಳು, 1920×1080ರಲ್ಲಿ 20.7 ಲಕ್ಷ. ಮೊದಲನೆಯದರಲ್ಲಿ ನಮ್ಮ ಒತ್ತಕ್ಷರಗಳು ಕಲಸಿಹೋಗಿ ಕಣ್ಣಿಗೆ ಆಯಾಸ. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿ ನೋಡಿ: ಬಣ್ಣ ತಿರುಗುಮುರುಗಾದರೆ ಅದು ಟಿಎನ್ ಎಂಬ ಅಗ್ಗದ ಬಗೆಯ ಪರದೆ, ಬಿಟ್ಟುಬಿಡಿ.

ಕಾಯು ಎಂಬುದಕ್ಕೆ ಮೂರನೆಯ ಅರ್ಥವೂ ಇದೆಯಲ್ಲ, ಕಾಪಾಡು ಅಂತ. ಕೊಂಡ ಮರುದಿನದಿಂದ ಅದರ ಸರದಿ, ಮುಖ್ಯವಾಗಿ ಬ್ಯಾಟರಿಗೆ. 1991ರಲ್ಲಿ ಸೋನಿ ಮೊದಲು ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿಯ ಮೂಲತತ್ತ್ವವೇ ಇಂದಿಗೂ ಇದರಲ್ಲಿದೆ. ಆ ಬ್ಯಾಟರಿಗೆ ಬುನಾದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಮೂವರಿಗೆ 2019ರ ನೊಬೆಲ್ ಬಂತು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್‌ನ ಪದರಗಳ ಸಂದಿಗೆ ನುಸುಳುತ್ತವೆ, ಬಳಸುವಾಗ ಹಿಂತಿರುಗುತ್ತವೆ. ಈ ಓಡಾಟದಲ್ಲಿ ಗ್ರಾಫೈಟ್‌ನ ಮೈಮೇಲೆ ತೆಳುವಾದ ಪೊರೆ ಬೆಳೆಯುತ್ತದೆ. ಪೊರೆಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಕೆಲಸಕ್ಕೆ ಬಾರದು. ಸದಾ ತುಂಬಿದ ಸ್ಥಿತಿ ಮತ್ತು ಬಿಸಿ, ಇವೆರಡೂ ಬ್ಯಾಟರಿಯ ಮುಪ್ಪನ್ನು ಬೇಗ ತರುತ್ತವೆ. ಹಗಲಿಡೀ ಚಾರ್ಜರ್ ಸಿಕ್ಕಿಸಿಯೇ ಕೆಲಸ ಮಾಡುವವರು ಸೆಟ್ಟಿಂಗ್ಸ್‌ನಲ್ಲಿ ‘80% ಮಿತಿ’ ಇದೆಯಾ ಹುಡುಕಿ, ಇದ್ದರೆ ಹಾಕಿಕೊಳ್ಳಿ. ‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು’ ಎಂಬುದು ಹಳೆಯ ನಿಕಲ್ ಬ್ಯಾಟರಿಗಳ ಕಾಲದ ಉಪದೇಶ, ಇದಕ್ಕೆ ಹೊಂದುವುದಿಲ್ಲ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಜಾಹೀರಾತು ನಂಬಬೇಕಿಲ್ಲ, ಭಾಗಾಕಾರ ಸಾಕು. ಬ್ಯಾಟರಿ 42 ವ್ಯಾಟ್-ಅವರ್ ಇದ್ದು ಲ್ಯಾಪ್‌ಟಾಪ್ 7 ವ್ಯಾಟ್ ಎಳೆದರೆ ಆರು ಗಂಟೆ. ವಿಡಿಯೊ ಕರೆಯಲ್ಲಿ ಅದು 14ಕ್ಕೇರಿದರೆ ಮೂರೇ ಗಂಟೆ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಮಾತ್ರ ಅದನ್ನು ಅಮುಕಿ ಕೂರಿಸಲು ಹೋಗಬೇಡಿ. ಅಡಿಯಲ್ಲಿ ಬ್ಯಾಟರಿ ಊದಿಕೊಂಡಿರಬಹುದು, ಬೆಂಕಿಯ ಅಪಾಯವಿದೆ. ಆಫ್ ಮಾಡಿ ರಿಪೇರಿಯವರ ಕೈಗೆ ಕೊಡಿ.

ಹಾಸಿಗೆಯ ಮೇಲಿಟ್ಟು ಬಳಸುವ ಅಭ್ಯಾಸ ನನಗೂ ಇತ್ತು. ಗಾಳಿ ಒಳಗೆಳೆಯುವ ಕಿಂಡಿಗಳು ಹೊಟ್ಟೆಯಡಿ ಇರುತ್ತವೆ. ಹೊದಿಕೆ ಅವನ್ನು ಮುಚ್ಚಿ, ಅದರ ಎಳೆಗಳು ಫ್ಯಾನಿಗೆ ಸೇರುತ್ತವೆ. ವರ್ಷಕ್ಕೊಮ್ಮೆಯಾದರೂ ದೂಳು ತೆಗೆಸಿ. ಮುಚ್ಚಳವನ್ನು ಒಂದು ಮೂಲೆಯಿಂದ ಎಳೆದು ತೆರೆಯಬೇಡಿ: ಕೀಲಿನ ತಿರುಪುಗಳು ಕಚ್ಚಿರುವುದು ಪ್ಲಾಸ್ಟಿಕ್ಕನ್ನು, ಒಂದು ದಿನ ಅದು ಸೀಳುತ್ತದೆ.

ಬಳಸಿದ ಲ್ಯಾಪ್‌ಟಾಪ್ ತೆಗೆದುಕೊಳ್ಳಬಹುದೇ? ನಾನಂತೂ ಹೌದೆನ್ನುತ್ತೇನೆ. ಕಚೇರಿಗಳಿಗೆಂದು ತಯಾರಾದ ಮಾದರಿಗಳ ಕೀಲು, ಕೀಬೋರ್ಡ್ ಗಟ್ಟಿ, ಬಿಚ್ಚಲೂ ಸುಲಭ. ತಯಾರಿಕೆಯಲ್ಲೇ ಬಹುಪಾಲು ಮಾಲಿನ್ಯ ಆಗಿಹೋಗಿರುವುದರಿಂದ ಪರಿಸರಕ್ಕೂ ಒಳ್ಳೆಯದು. ಆದರೆ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರು ಅಥವಾ ಮುಂದಿನದು. ಅದಕ್ಕೂ ಹಿಂದಿನದನ್ನು, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವ ಮನಸ್ಸಿದ್ದರಷ್ಟೇ ಕೊಳ್ಳಿ. ಗೂಗಲ್‌ನ ಆಪರೇಟಿಂಗ್ ಸಿಸ್ಟಮ್ ಇರುವ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷದ ಅಪ್‌ಡೇಟ್ ಭರವಸೆ ಇದೆ. ಆ ಲೆಕ್ಕ ಶುರುವಾಗುವುದು ಮಾದರಿಯ ಮೂಲ ಯಂತ್ರಾಂಶ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ.

ನನ್ನ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಇಟ್ಟುಕೊಂಡೇ ಬಂದದ್ದು. ಆನ್ ಮಾಡಿ, ಕೈಕಾಲು ತೊಳೆದು ಬಂದರೂ ಅದರ ಕಡತದ ಗುರುತುಗಳು ಒಂದೊಂದಾಗಿ ಮೂಡುತ್ತಿದ್ದವು. ಎಸ್‌ಎಸ್‌ಡಿ ಹಾಕಿ, ರ‍್ಯಾಮ್ ಎರಡು ಪಟ್ಟು ಮಾಡಿದ ಮೇಲೆ ಕುರ್ಚಿ ಎಳೆದು ಕೂರುವುದರೊಳಗೆ ಸಿದ್ಧ. ಪ್ರೊಸೆಸರ್ ಅದೇ ಹಳೆಯದು. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಎಷ್ಟೋ ಸಲ ಕಟಕಟ ಸದ್ದು ಮಾಡುತ್ತದೆ, ಎಸ್‌ಎಸ್‌ಡಿ ಸುಳಿವೇ ಕೊಡದೆ ಕಣ್ಮುಚ್ಚಬಹುದು. ಹಾಗಾಗಿ ಬಿಚ್ಚಿ ತೆಗೆದ ಆ ಡಿಸ್ಕನ್ನು ಯುಎಸ್‌ಬಿ ಡಬ್ಬಿಯೊಂದರಲ್ಲಿ ಕೂರಿಸಿ ಬ್ಯಾಕಪ್‌ಗೆ ಇಟ್ಟುಕೊಂಡಿದ್ದೇನೆ, ತೀರಾ ಮುಖ್ಯವಾದವುಗಳ ಇನ್ನೊಂದು ನಕಲು ಬೇರೆ ಕಡೆಯೂ ಇದೆ. ವಾರಕ್ಕೊಮ್ಮೆ ರಾತ್ರಿ ನಕಲು ಮಾಡಲು ಬಿಟ್ಟು ಮಲಗುತ್ತೇನೆ. ಎಷ್ಟು ಹೊತ್ತು ಬೇಕಾದರೂ ತಿರುಗಲಿ, ಈಗ ಅದಕ್ಕಾಗಿ ಕಾಯುವವರು ಯಾರೂ ಇಲ್ಲ.